ಏಳನೆಯ ಸಹಿ

ಸಂಘದ ನೋಂದಣಿ ಅರ್ಜಿ ಮೇಜಿನ ಮೇಲಿತ್ತು. ಆರು ಸಹಿ ಆಗಿದ್ದವು. ಏಳನೆಯ ಗೆರೆ ಖಾಲಿ. ಚನ್ನಪಟ್ಟಣದಲ್ಲಿ ಬೊಂಬೆಗೆ ಕಣ್ಣು ಮೂಗು ಬರೆದುಕೊಂಡು ಮಗನನ್ನು ಸಾಕಿದ ತಾಯಿಯೊಬ್ಬರ ಮನೆ ಅದು. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ವಾರಕ್ಕೆ ನಾಲ್ಕು ದಿನ ಐದಾರು ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಎಲ್ಲರಿಗೂ ಆಟಿಸಂ ಇದೆ. ಇಷ್ಟು ದಿನ ಈ ಕೂಟಕ್ಕೊಂದು ಹೆಸರೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಈಗ ಕಾಯಿದೆ ಪ್ರಕಾರ ಸಂಘ ಕಟ್ಟಬೇಕೆಂದು ಹೊರಟಿದ್ದಾರೆ.

“ಏಳು ಜನ ಬೇಕಂತೆ ಮೇಷ್ಟ್ರೇ,” ಅಂದರು. “ಐದು ಜನ ನಮ್ಮಂಥ ಅಪ್ಪ-ಅಮ್ಮಂದಿರೇ. ಇನ್ನೊಬ್ಬ ನನ್ ತಮ್ಮ. ಇಂಥ ಮಗು ಇಲ್ದ ಹೊರಗಿನೋರು ಒಬ್ರಾದ್ರೂ ಇರ್ಲಿ ಅಂತ ಊರೆಲ್ಲ ಕೇಳ್ದೆ. ಎಲ್ರೂ ಕೈ ಮುಗೀತಾರೆ, ಪೆನ್ನು ಹಿಡಿಯಲ್ಲ.”

ನನ್ನನ್ನು ಕರೆಸಿದ್ದು ಅವರ ದೊಡ್ಡ ಮನಸ್ಸು. ಯಾಕೆಂದರೆ ಅವರ ಮಗನನ್ನು ಶಾಲೆಯ ಬಾಗಿಲಿಂದ ವಾಪಸು ಕಳಿಸಿದವನು ನಾನೇ.

2011ರ ಜೂನ್. ಆಗ ನಾನು ಈ ತಾಲ್ಲೂಕಿನ ಒಂದು ಶಾಲೆಯ ಮುಖ್ಯಶಿಕ್ಷಕ. ಆರು ವರ್ಷದ ಮಗನ ಕೈ ಹಿಡಿದುಕೊಂಡು ಆ ತಾಯಿ ದಾಖಲಾತಿಗೆ ಬಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದ, ಓಡಿಹೋಗಿ ಧ್ವಜಕಟ್ಟೆಯನ್ನು ಸುತ್ತತೊಡಗಿದ. ಒಂದೇ ಸಮ, ಒಂದೇ ವೇಗ, ಬಲಗೈಯ ತೋರುಬೆರಳನ್ನು ಕಟ್ಟೆಯ ಅಂಚಿಗೆ ತಾಗಿಸಿಕೊಂಡು. ತರಗತಿಗಳ ಕಿಟಕಿಯಲ್ಲೆಲ್ಲ ಮಕ್ಕಳ ಮುಖ. ನಾನು ಆ ತಾಯಿಯನ್ನು ಕೂರಿಸಿ ನೀರು ಕೊಟ್ಟು, ಸಮಾಧಾನದ ದನಿಯಲ್ಲೇ ಹೇಳಿದೆ: “ಇಂಥ ಮಕ್ಕಳಿಗೆ ಬೆಂಗಳೂರಲ್ಲಿ ಬೇರೆ ಸ್ಕೂಲಿದೆ ಕಣಮ್ಮ, ಅಲ್ಲಿಗೆ ಕರ್ಕೊಂಡು ಹೋಗು. ಇಲ್ಲಿ ಇಟ್ಕೊಂಡ್ರೆ ಅವನಿಗೇ ಕಷ್ಟ.” ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದು ಆಗಲೇ ವರ್ಷ ದಾಟಿತ್ತು. ಅದರ ಸುತ್ತೋಲೆಗಳು ನನ್ನ ಬೀರುವಿನಲ್ಲೇ ಇದ್ದವು. ಆರು ತುಂಬಿದ ಮಗುವನ್ನು ಬೇಡ ಅನ್ನುವ ಅಧಿಕಾರ ನನಗಿರಲಿಲ್ಲ. ಆದರೂ ಅಂದೆ. ಆ ತಾಯಿ ಎದುರು ಮಾತಾಡಲಿಲ್ಲ. ಮಗ ಹಿಡಿದ ಸುತ್ತು ಮುಗಿಯುವವರೆಗೆ ಕಾದು ನಿಂತು, ಕೈ ಹಿಡಿದು ಕರೆದುಕೊಂಡು ಹೋದರು.

ಅವತ್ತು ಅವನು ಮಾಡುತ್ತಿದ್ದದ್ದು ಏನೆಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಗಂಟೆಯ ಸದ್ದು ನನಗೆ ಕೇಳಿಸುವಂತೆ ಅವನಿಗೆ ಕೇಳಿಸುವುದಿಲ್ಲ, ತಲೆಯೊಳಗೇ ಬಡಿದ ಹಾಗಾಗುತ್ತದೆ. ಆ ಸುತ್ತು ಅವನು ತನ್ನನ್ನು ತಾನು ಸಂತೈಸಿಕೊಳ್ಳುವ ದಾರಿ. ಹತ್ತು ನಿಮಿಷ ಬಿಟ್ಟಿದ್ದರೆ ತಾನಾಗಿ ನಿಲ್ಲುತ್ತಿದ್ದನೋ ಏನೋ. ಬಿಟ್ಟು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಸರ್ಕಾರಿ ಕಾಗದದಲ್ಲಿ ಇದನ್ನು ಸ್ವಲೀನತೆ ಎಂದು ಬರೆಯುತ್ತಾರೆ, ತನ್ನಲ್ಲೇ ಮುಳುಗಿರುವುದು ಎಂಬ ಅರ್ಥದಲ್ಲಿ. ಆ ಪದ ನನಗೆ ಒಪ್ಪುವುದಿಲ್ಲ. ಆ ಹುಡುಗ ನಮ್ಮ ಸದ್ದು, ಬೆಳಕು, ಗದ್ದಲವನ್ನೆಲ್ಲ ನಮಗಿಂತ ಹೆಚ್ಚಾಗಿಯೇ ಒಳಗೆ ಬಿಟ್ಟುಕೊಂಡಿದ್ದ.

ಅಲ್ಲಿಂದ ಮುಂದೆ ಆ ತಾಯಿ ವಾರಕ್ಕೆರಡು ದಿನ ಬೆಳಗಿನ ಪುಷ್‌ಪುಲ್ ರೈಲಿಗೆ ಮಗನನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೋಗಿಬಂದರು. ಮುಕ್ಕಾಲು ಗಂಟೆಯ ಥೆರಪಿಗೆ ಇಡೀ ದಿನ. ಆ ದಿನ ಬೊಂಬೆ ಕೆಲಸವಿಲ್ಲ, ಕೂಲಿಯೂ ಇಲ್ಲ. ಬೋಗಿಯಲ್ಲಿ ಮಗ ಕೂಗಿದಾಗ ಎದುರು ಸೀಟಿನವರು ಅವನನ್ನು ನೋಡುತ್ತಿರಲಿಲ್ಲವಂತೆ, ಇವರನ್ನು ನೋಡುತ್ತಿದ್ದರಂತೆ. ಕೆಂಗಲ್ ಆಂಜನೇಯನಿಗೆ ಹರಕೆ ಹೊತ್ತರು, ಕಬ್ಬಾಳಮ್ಮನಿಗೂ ಹೊತ್ತರು. ಥೆರಪಿಯವರು ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿ ನೋಡಿ ತಾವೇ ಕಲಿತರು. ಹಲ್ಲುಜ್ಜುವುದನ್ನು ಆರು ಚಿತ್ರವಾಗಿ ಬಿಡಿಸಿ ಬಚ್ಚಲ ಗೋಡೆಗೆ ಅಂಟಿಸಿದರು. ಬೊಂಬೆ ಬರೆಯುವ ಕೈಗೆ ಅದೇನು ಕಷ್ಟ? ಪಕ್ಕದ ಬೀದಿಯವರೊಬ್ಬರು ಆ ಚಿತ್ರ ನೋಡಿ “ನನ್ ಮಗೀಗೂ ಬರ್ಕೊಡವ್ವ” ಅಂದರು. ಆಮೇಲೆ ರಾಮನಗರದಿಂದ ಒಬ್ಬರು. ಆಮೇಲೆ ಕನಕಪುರದಿಂದ. ಅವರನ್ನು ಯಾರೂ ಮುಂದಾಳಾಗಿ ಆರಿಸಲಿಲ್ಲ. ಬೇರೆ ಯಾರೂ ಇರಲಿಲ್ಲ, ಅವರು ಇದ್ದರು.

ಲೋಕದ ಎಷ್ಟೋ ಕಡೆ ಈ ಕೆಲಸ ಶುರುವಾದದ್ದು ಹೀಗೇ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಈ ಸ್ಥಿತಿಗೊಂದು ಹೆಸರು ಕೊಟ್ಟರು. ಅದಾದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ದೊಡ್ಡ ದೊಡ್ಡ ಪಂಡಿತರು ತಪ್ಪನ್ನು ತಾಯಂದಿರ ತಲೆಗೆ ಕಟ್ಟಿದರು. ತಾಯಿಯ ಮನಸ್ಸು ತಣ್ಣಗಿದ್ದರೆ ಮಗು ಹೀಗಾಗುತ್ತದೆ ಎಂದರು. ಅದನ್ನು ಸುಳ್ಳೆಂದು 1964ರಲ್ಲಿ ಪುಸ್ತಕ ಬರೆದು ತೋರಿಸಿದವರು ಬರ್ನಾರ್ಡ್ ರಿಮ್ಲೆಂಡ್. ಅವರು ಮನಶ್ಶಾಸ್ತ್ರಜ್ಞರು, ಅದಕ್ಕಿಂತ ಹೆಚ್ಚಾಗಿ ಅಂಥ ಮಗನ ಅಪ್ಪ. ಮರುವರ್ಷವೇ ಅಲ್ಲಿನ ಪಾಲಕರನ್ನು ಸೇರಿಸಿ ಸಂಘ ಕಟ್ಟಿದರು. ಇಂಗ್ಲೆಂಡಿನಲ್ಲಿ 1962ರಲ್ಲೇ ಸಂಘ ಕಟ್ಟಿದವರೂ ಪಾಲಕರೇ. ಅವರಲ್ಲೊಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿ. ನಮ್ಮ ದೇಶದಲ್ಲಿ ದೆಹಲಿಯ ಮೇರಿ ಬರುವಾ 1991ರಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಆರಂಭಿಸಿದ್ದು ತಮ್ಮ ಮಗನಿಂದಾಗಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯಿದೆಯಲ್ಲಿ ಅದು ಸೇರಿತು. ಸೇರಿಸಲು ಓಡಾಡಿದವರಲ್ಲಿ ಮುಂದೆ ನಿಂತವರೂ ಅಂಥ ಅಪ್ಪ-ಅಮ್ಮಂದಿರೇ. 2016ರ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಸೇರಿ, ಈಗ ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಸಿಗುತ್ತದೆ ಎಂದರೆ ಅದರ ಹಿಂದೆ ಎಷ್ಟೋ ತಾಯಂದಿರ ಸವೆದ ಚಪ್ಪಲಿಗಳಿವೆ.

ವೃತ್ತಿಯಿಂದ ಬಂದು ಹೆಗಲು ಕೊಟ್ಟವರು ಇಲ್ಲವೆಂದಲ್ಲ. ಮಾತು-ಭಾಷೆಯ ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಟ್ರಸ್ಟ್ ಕಟ್ಟಿ, ಶಾಲೆಗೆ ಸೇರುವ ಮೊದಲೇ ಪುಟ್ಟ ಮಕ್ಕಳನ್ನು ಅಣಿಗೊಳಿಸುವ ಕ್ರಮ ರೂಪಿಸಿದರು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಹಾನ್ಸ್ ಇದೆ. ಆದರೆ ಮಾಗಡಿಗೆ ರೈಲಿಲ್ಲ, ಕನಕಪುರಕ್ಕೂ ಇಲ್ಲ. ಮಾಗಡಿ ಕಡೆಯ ಒಂದು ಹಳ್ಳಿಯಿಂದ, ಸಾತನೂರಿನ ಆಚೆಯಿಂದ, ಬಸ್ಸಿನ ಹಾರನ್ನಿಗೆ ಹೆದರುವ ಮಗುವನ್ನು ಬಸ್ಸಿನಲ್ಲೇ ಕರೆದುಕೊಂಡು ಹೋಗಬೇಕು.

ನಾನು ಲೆಕ್ಕದ ಮೇಷ್ಟ್ರು, ಒಂದು ಸರಳ ಲೆಕ್ಕ ಹೇಳುತ್ತೇನೆ. 2011ರ ಜನಗಣತಿಯಲ್ಲಿ ಆಗ ರಾಮನಗರ ಎಂದಿದ್ದ ನಮ್ಮ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷ ಎಂಬತ್ತು ಸಾವಿರ ದಾಟಿತ್ತು. ಹತ್ತರಲ್ಲಿ ಇಬ್ಬರು ಮಕ್ಕಳೆಂದರೂ ಎರಡು ಲಕ್ಷವಾಯಿತು. ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಆಟಿಸಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೆಲವು ವರ್ಷ ಹೇಳುತ್ತಿದ್ದ ಅಂದಾಜು. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಎರಡು ಸಾವಿರ ಮಕ್ಕಳು. ನೀವು ಎಷ್ಟು ಜನರನ್ನು ನೋಡಿದ್ದೀರಿ? ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ, ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಅಪ್ಪನ ಜೊತೆ? ನೋಡಿಲ್ಲ, ಯಾಕೆಂದರೆ ಅವರು ಮನೆಯೊಳಗಿದ್ದಾರೆ. ನಮ್ಮ ಕಣ್ಣಿಗೆ ಹೆದರಿ ಮನೆಯೊಳಗಿದ್ದಾರೆ.

ಆ ತಾಯಿಯ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತಿದೆ. “ದೇವರಂಥವರು” ಅನ್ನುತ್ತಾರೆ. “ದೇವರು ಇಂಥ ಮಗೂನ ಇಂಥವರಿಗೇ ನೋಡಿ ಕೊಡ್ತಾನೆ” ಅನ್ನುತ್ತಾರೆ. ಕಳೆದ ಏಪ್ರಿಲ್ 2ರ ಆಟಿಸಂ ಜಾಗೃತಿ ದಿನ ಯಾರೋ ಶಾಲು ಹೊದಿಸಿ ಹಾರ ಹಾಕಿದರು. ದಯವಿಟ್ಟು ಆ ಮಾತನ್ನು ಇನ್ನು ಆಡಬೇಡಿ. ಅವರನ್ನು ದೇವರು ಮಾಡಿದ ಕ್ಷಣವೇ ನಾವು ಭಕ್ತರಾಗಿ ದೂರ ನಿಲ್ಲುತ್ತೇವೆ, ಕೈ ಮುಗಿದು ಮನೆಗೆ ಹೋಗುತ್ತೇವೆ. ಅವರಿಗೆ ಬೆನ್ನುನೋವಿದೆ, ಸಕ್ಕರೆ ಕಾಯಿಲೆ ಇದೆ. ಮಗ ನಿದ್ದೆಹೋದ ಮೇಲೆ ರಾತ್ರಿ ಹನ್ನೊಂದಕ್ಕೆ ಕೂತು ಖರ್ಚಿನ ಲೆಕ್ಕ ಬರೆಯುತ್ತಾರೆ. ಆ ಪುಸ್ತಕ ನೋಡಿದೆ. ಬಸ್ ಚಾರ್ಜು, ಬಾಳೆಹಣ್ಣು, ಬಣ್ಣದ ಕಾಗದ, ಎಲ್ಲ ದುಂಡಗಿನ ಅಕ್ಷರದಲ್ಲಿ. ನಡುವೆ ಒಂದು ಸಾಲು ಅರ್ಧಕ್ಕೇ ನಿಂತು ಪೆನ್ನಿನ ಗೆರೆ ಪುಟದ ಅಂಚಿನವರೆಗೆ ಎಳೆದುಕೊಂಡು ಹೋಗಿತ್ತು. ಬರೆಯುತ್ತಲೇ ನಿದ್ದೆ ಹತ್ತಿದೆ.

ಅದಕ್ಕೇ ನನ್ನ ಕರೆ ಅಂಥ ಮಗು ಇಲ್ಲದವರಿಗೆ. ಇರುವವರು ಕೊಡುವಷ್ಟು ಕೊಟ್ಟಾಗಿದೆ.

ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯಿದೆ ಏಳು ಜನ ಸಾಕು ಅನ್ನುತ್ತದೆ. ಅದಾದ ಮೇಲೆ ವರ್ಷ ವರ್ಷ ಲೆಕ್ಕ ತಪಾಸಣೆ, ವಾರ್ಷಿಕ ಸಭೆ, ನಡಾವಳಿ ಪುಸ್ತಕ, ನೋಂದಣಾಧಿಕಾರಿಗಳಿಗೆ ವರದಿ. ಈ ಕೆಲಸಕ್ಕೆ ಆಟಿಸಂ ಗೊತ್ತಿರಬೇಕಾಗಿಲ್ಲ. ಸೊಸೈಟಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರೇ, ರಾಮನಗರದ ಕೋರ್ಟಿನ ವಕೀಲರೇ, ಆ ಲೆಕ್ಕದ ಪುಸ್ತಕವನ್ನು ಆ ತಾಯಿಯ ಕೈಯಿಂದ ತೆಗೆದುಕೊಳ್ಳಿ. ಅವರು ಆ ಹೊತ್ತಿಗೆ ಮಲಗಲಿ.

ಸಂಘ ಯಾಕೆ ಅನ್ನುವುದನ್ನೂ ಹೇಳಬೇಕು. ಆ ಹುಡುಗನಿಗೆ ಹದಿನೆಂಟು ದಾಟಿ ಎರಡು ವರ್ಷವಾಯಿತು. ಹದಿನೆಂಟು ತುಂಬಿದ ಮೇಲೆ ಮಗನ ಪರವಾಗಿ ತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ, ಕಾನೂನುಬದ್ಧ ಪಾಲಕತ್ವ ಪಡೆಯಬೇಕು. ಅದನ್ನು ಕೊಡುವುದು ರಾಷ್ಟ್ರೀಯ ನ್ಯಾಸ ಕಾಯಿದೆಯ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನ್ಯಾಸದಲ್ಲಿ ನೋಂದಾಯಿತವಾದ ಸಂಸ್ಥೆಯ ಒಬ್ಬರು, ಅಂಗವೈಕಲ್ಯವಿರುವ ಒಬ್ಬರು ಇರುತ್ತಾರೆ. ಆ ಎರಡನೆಯ ಕುರ್ಚಿಯಲ್ಲಿ ನಮ್ಮ ಹಳ್ಳಿಗಳ ಮನೆಮನೆ ಬಲ್ಲವರು ಕೂರಬೇಡವೇ? ಪಾಲಕರ ಸಂಘಗಳೂ ನ್ಯಾಸದಲ್ಲಿ ನೋಂದಾಯಿಸಿಕೊಳ್ಳಬಹುದು. 2007ರಲ್ಲಿ ನಾವು ಜಿಲ್ಲೆಯಾದೆವು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರೂ ಬದಲಾಯಿತು. ಹೆಸರಿನ ಬಗ್ಗೆ ಚಹಾ ಅಂಗಡಿಗಳಲ್ಲಿ ಆದಷ್ಟು ಚರ್ಚೆಯ ನೂರರಲ್ಲೊಂದು ಪಾಲು ಈ ಸಮಿತಿ ಯಾವಾಗ ಸೇರುತ್ತದೆ ಎಂಬುದರ ಬಗ್ಗೆ ಆಗಿದ್ದರೆ ಎಷ್ಟೋ ತಾಯಂದಿರು ನಿಶ್ಚಿಂತೆಯಿಂದ ಮಲಗುತ್ತಿದ್ದರು. “ನಾನು ಹೋದ ಮೇಲೆ ಇವನ ಕೈ ಯಾರು ಹಿಡೀತಾರೆ ಮೇಷ್ಟ್ರೇ?” ಎಂದು ಕೇಳದ ತಾಯಿಯನ್ನು ನಾನು ಇನ್ನೂ ಕಂಡಿಲ್ಲ.

ಗ್ರಾಮ ಪಂಚಾಯತಿ ಸದಸ್ಯರೇ, ನಿಮ್ಮ ಅನುದಾನದಲ್ಲಿ ಶೇಕಡ 5 ಅಂಗವಿಕಲರ ಪಾಲು. ಅದನ್ನು ಮಾರ್ಚ್ ಕೊನೆಯಲ್ಲಿ ಆತುರಾತುರವಾಗಿ ಮುಗಿಸುವ ಬದಲು, ನಿಮ್ಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೂರಿಸಿಕೊಂಡು ಯಾವ ಮನೆಯಲ್ಲಿ ಯಾವ ಮಗು ಇದೆ ಕೇಳಿ. ಅಂಗನವಾಡಿ ಅಕ್ಕಂದಿರೇ, ಎರಡು ವರ್ಷವಾದರೂ ಹೆಸರು ಕರೆದರೆ ತಿರುಗದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ ಮಗುವಿನ ಬಗ್ಗೆ “ಅವರಪ್ಪನಿಗೂ ಮಾತು ತಡ” ಎಂದು ಸುಮ್ಮನಾಗಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಆ ಮಗುವನ್ನೇ ಮೊದಲು ತೋರಿಸಿ. ಆ ವಯಸ್ಸಿನಲ್ಲಿ ಕಲಿಸಿದ್ದು ಆಮೇಲೆ ಕಲಿಸುವುದಕ್ಕಿಂತ ಸುಲಭವಾಗಿ ಹತ್ತುತ್ತದೆ.

ಬೊಂಬೆ ಮಾಡುವ ಅಣ್ಣಂದಿರಿಗೂ ಒಂದು ಮಾತು. ಆ ಹುಡುಗ ಲೇತ್ ಮುಂದೆ ಗಂಟೆಗಟ್ಟಲೆ ಕೂರುತ್ತಾನೆ. ತಿರುಗುವ ಮರಕ್ಕೆ ಅರಗು ತಾಗಿ ಬಣ್ಣ ಹರಡುವುದನ್ನು ರೆಪ್ಪೆ ಮಿಟುಕಿಸದೆ ನೋಡುತ್ತಾನೆ. ಕೊಟ್ಟ ಬಿಲ್ಲೆಗಳನ್ನು ಅಳತೆ ನೋಡಿ ಬೇರ್ಪಡಿಸಿಡುತ್ತಾನೆ, ಒಂದೂ ತಪ್ಪುವುದಿಲ್ಲ. ಒಬ್ಬರು ಮೇಸ್ತ್ರಿ ಅವನಿಗೆ ದಿನಕ್ಕೆ ಎರಡು ಗಂಟೆ ಕೆಲಸ ಕೊಟ್ಟು ಕೂಲಿಯನ್ನೂ ಕೊಡುತ್ತಾರೆ. ದಾನ ಅಂತ ಅವರು ಹೇಳುವುದಿಲ್ಲ, “ಕೆಲ್ಸ ಮಾಡ್ತಾನೆ, ದುಡ್ಡು ಕೊಡ್ತೀನಿ” ಅನ್ನುತ್ತಾರೆ. ಅಂಥ ಇನ್ನೂ ಹತ್ತು ಜನ ಮೇಸ್ತ್ರಿಗಳು ಬೇಕು.

ನನ್ನ ಸಹೋದ್ಯೋಗಿಗಳಾದ ಮುಖ್ಯಶಿಕ್ಷಕರಿಗೆ ಹೆಚ್ಚು ಹೇಳಲು ನನಗೆ ಬಾಯಿಲ್ಲ. ನಾನು ಮಾಡಿದ್ದನ್ನು ಮಾಡಬೇಡಿ. ಗಂಟೆ ಹೊಡೆಯುವ ಮೊದಲು ಆ ಮಗುವಿಗೆ ಮುನ್ಸೂಚನೆ ಕೊಡಿ. ಧ್ವಜಕಟ್ಟೆ ಸುತ್ತಲಿ, ಕಟ್ಟೆಗೇನೂ ಆಗುವುದಿಲ್ಲ.

ನಾನು ಸಹಿ ಹಾಕಿದೆ. ಕೈ ಸ್ವಲ್ಪ ನಡುಗಿತು. ಅಲ್ಲಿಯವರೆಗೆ ಮೂಲೆಯಲ್ಲಿದ್ದ ಹುಡುಗ ಎದ್ದು ಬಂದ. ಈಗ ನನಗಿಂತ ಎತ್ತರ, ಮೀಸೆ ಬಂದಿದೆ. ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಪೆನ್ನು ತೆಗೆದುಕೊಂಡು, ಕ್ಯಾಪು ಹಾಕಿ, ಅಮ್ಮನ ಕುಂಚಗಳನ್ನು ಉದ್ದದ ಪ್ರಕಾರ ಸಾಲಾಗಿಟ್ಟಿದ್ದ ಜಾಗದಲ್ಲಿ, ಅದಕ್ಕೆ ಸರಿಯಾದ ಸ್ಥಾನ ಹುಡುಕಿ ಇಟ್ಟ.

ಆ ತಾಯಿ ಚೀಲದಿಂದ ಇನ್ನೊಂದು ಅರ್ಜಿ ತೆಗೆದರು. ಕನಕಪುರದವರದು. ಅದರಲ್ಲಿ ಎರಡು ಸಹಿ ಇವೆ, ಐದು ಗೆರೆ ಖಾಲಿ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕನಕಪುರದ ಬಸ್ ನಿಲ್ದಾಣದಲ್ಲಿ ಆ ಅರ್ಜಿ ಹಿಡಿದುಕೊಂಡು ನಾನಿರುತ್ತೇನೆ. ಪೆನ್ನು ತಂದಿರುತ್ತೇನೆ.