ತೆರೆಯ ಮೇಲಿನ ಬೆಟ್ಟವೂ ನುಣ್ಣಗೆ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಸಿನಿಮಾ ಕಂಡವರಲ್ಲ. ಕಂಡಿದ್ದರೆ ತೆರೆಯ ಮೇಲಿನ ಬೆಟ್ಟ ಹತ್ತಿರದಿಂದಲೂ ನುಣ್ಣಗೆ ಎಂದು ಸೇರಿಸುತ್ತಿದ್ದರೇನೋ. ಹಿಮಶಿಖರಗಳ ನಡುವೆ ನಡೆಯುವ ಸಾಹಸಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಅಲ್ಲಿ ಕಲ್ಲು ನಾಯಕನ ಅಂಗೈಯನ್ನು ತರಚುವುದಿಲ್ಲ, ಚಳಿ ಅವನ ಬೆರಳುಗಳನ್ನು ಮರಗಟ್ಟಿಸುವುದಿಲ್ಲ, ಎಷ್ಟು ಏರಿದರೂ ಅವನಿಗೆ ಏದುಸಿರು ಬರುವುದಿಲ್ಲ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಯೂರಿದ ನಾವು ಬೆಟ್ಟಗಳಿಗೆ ಅಪರಿಚಿತರಲ್ಲ. ಥಾಣೆಯ ಬೆನ್ನಿಗೆ ಯೇವೂರಿನ ಗುಡ್ಡಗಳಿವೆ. ಮುಂಬ್ರಾದಲ್ಲಿ ಬೆಟ್ಟ ರೈಲು ಹಳಿಯ ಮಗ್ಗುಲಿಗೇ ಬಂದು ನಿಂತಿದೆ. 1916ರಲ್ಲಿ ತೆರೆದ ಪಾರ್ಸಿಕ್ ಸುರಂಗ ಬೆಟ್ಟದ ಹೊಟ್ಟೆಯನ್ನೇ ಕೊರೆದು ಹೋಗಿದೆ. ಮಳೆ ನಿಂತ ಸಂಜೆ ಕಲ್ಯಾಣದಿಂದ ನೋಡಿದರೆ ಮಲಂಗಗಡ ಸ್ಪಷ್ಟವಾಗಿ ಕಾಣುತ್ತದೆ. ಊರಿನ ಘಟ್ಟಗಳನ್ನು ಬಿಟ್ಟು ಬಂದ ನಮಗೆ ಅದೇ ಸಹ್ಯಾದ್ರಿಯ ಈ ಉತ್ತರದ ತುದಿ ಒಂದು ರೀತಿಯ ಸಮಾಧಾನ. ನಮ್ಮ ಮಕ್ಕಳಿಗಂತೂ ಅದು ವಾರದ ಕೊನೆಯ ವಿಹಾರ. ಶನಿವಾರ ರಾತ್ರಿಯ ಕೊನೆಯ ಲೋಕಲುಗಳಲ್ಲಿ ಕರ್ಜತ್, ಕಸಾರಾಗಳ ಕಡೆಗೆ ಬೆನ್ನುಚೀಲ ಹೊತ್ತು ಹೊರಟ ತರುಣ ತರುಣಿಯರ ಗುಂಪುಗಳನ್ನು ನಾವೆಲ್ಲ ಕಂಡಿದ್ದೇವೆ. ಆದುದರಿಂದ ತೆರೆಯ ಬೆಟ್ಟದ ಮಾತು ನಮಗೆ ಬರಿಯ ಮನರಂಜನೆಯ ಮಾತಲ್ಲ.

1993ರಲ್ಲಿ ತೆರೆಕಂಡ 'ಕ್ಲಿಫ್‌ಹ್ಯಾಂಗರ್' ಚಿತ್ರವನ್ನು ಥಾಣೆಯ ಚಿತ್ರಮಂದಿರವೊಂದರಲ್ಲಿ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಕತೆ ನಡೆಯುವುದು ಅಮೆರಿಕದ ರಾಕಿ ಪರ್ವತಗಳಲ್ಲಿ. ಬೆಟ್ಟಗಳು ಮಾತ್ರ ಹೆಚ್ಚಾಗಿ ಇಟಲಿಯ ಡೋಲೊಮೈಟ್ಸ್ ಶ್ರೇಣಿಯವು. ಇದು ದೊಡ್ಡ ದೋಷವಲ್ಲ. ನಾಯಕ ಸಿಲ್ವೆಸ್ಟರ್ ಸ್ಟಲೋನ್ ಮೈಮೇಲೆ ಬೆಚ್ಚನೆಯ ಬಟ್ಟೆಯೇ ಇಲ್ಲದೆ ಹಿಮದ ಬಂಡೆಗಳನ್ನು ಏರುತ್ತಾನೆ. ಪಿಸ್ತೂಲಿನಂತಹ ಸಾಧನದಿಂದ ಬಂಡೆಗೆ ಮೊಳೆ ಹೊಡೆದು ಕ್ಷಣಾರ್ಧದಲ್ಲಿ ಅದಕ್ಕೆ ಜೋತುಬೀಳುತ್ತಾನೆ. ಅಂತಹ ಒಂದು ಮೊಳೆಯನ್ನು ಭದ್ರವಾಗಿ ಕೂರಿಸಲು ನಿಜವಾದ ಆರೋಹಿ ಬಂಡೆಯನ್ನು ಕೊರೆಯಬೇಕು, ತೂತಿನ ಪುಡಿಯನ್ನು ತೆಗೆಯಬೇಕು, ಮೊಳೆ ಕಚ್ಚಿತೇ ಎಂದು ಪರೀಕ್ಷಿಸಬೇಕು. ಚಿತ್ರದ ಆರಂಭದಲ್ಲಿ ಯುವತಿಯೊಬ್ಬಳ ಸೊಂಟಪಟ್ಟಿಯ ಬಕಲು ಕಿತ್ತು ಆಕೆ ಪ್ರಪಾತಕ್ಕೆ ಬೀಳುತ್ತಾಳೆ. ಆ ಪಟ್ಟಿ ಹಾಗೆ ಕಿತ್ತುಹೋಗಲೆಂದೇ ಅದನ್ನು ಮಾರ್ಪಡಿಸಲಾಗಿತ್ತೆಂದು ನಿರ್ಮಾಪಕರು ಚಿತ್ರದಲ್ಲಿಯೇ ಬರೆದು ತಿಳಿಸಬೇಕಾಯಿತು.

ಇದೇ ಚಿತ್ರದಲ್ಲಿ ಹಾರುತ್ತಿರುವ ಒಂದು ವಿಮಾನದಿಂದ ಇನ್ನೊಂದಕ್ಕೆ ತಂತಿಯ ಮೇಲೆ ಮನುಷ್ಯನೊಬ್ಬ ದಾಟುವ ದೃಶ್ಯವಿದೆ. ನಾವೆಲ್ಲ ಅದನ್ನು ಕ್ಯಾಮರಾದ ಮೋಸವೆಂದೇ ತಿಳಿದಿದ್ದೆವು. ಆದರೆ ಸೈಮನ್ ಕ್ರೇನ್ ಎಂಬ ಸಾಹಸಿ ಸುಮಾರು 15,000 ಅಡಿ ಎತ್ತರದಲ್ಲಿ ನಿಜವಾಗಿಯೇ ಆ ತಂತಿಗೆ ಜೋತುಬಿದ್ದಿದ್ದ. ಒಂದೇ ಸಲ ನಡೆದ ಆ ಸಾಹಸಕ್ಕೆ ಹತ್ತು ಲಕ್ಷ ಡಾಲರು ಸಂದಿತೆಂದು ದಾಖಲಾಗಿದೆ. ಅಸಂಭವವೆನ್ನಿಸಿದ ದೃಶ್ಯವೇ ನಡೆದದ್ದು. ಸಹಜವೆನ್ನಿಸಿದ ಬಂಡೆಯೇರಾಟವೇ ಹುಸಿ. ತೆರೆಯ ಬೆಟ್ಟ ನಮ್ಮ ವಿವೇಕವನ್ನು ಕೆಡಿಸುವುದು ಇಲ್ಲಿಯೇ. ಯಾವುದು ಕಷ್ಟ, ಯಾವುದು ಸುಲಭ ಎಂಬ ಅಳತೆಗೋಲೇ ನಮ್ಮ ಕೈತಪ್ಪಿ ಹೋಗುತ್ತದೆ.

2000ದಲ್ಲಿ ಬಂದ 'ವರ್ಟಿಕಲ್ ಲಿಮಿಟ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಪಂಚದ ಎರಡನೆಯ ಅತ್ಯುನ್ನತ ಶಿಖರವಾದ, 8,611 ಮೀಟರ್ ಎತ್ತರದ ಕೆ-2 ಪರ್ವತದಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ರಕ್ಷಕರು ಬೆನ್ನಮೇಲೆ ನೈಟ್ರೋಗ್ಲಿಸರಿನ್ ಹೊತ್ತು ಏರುತ್ತಾರೆ. ಈ ಸ್ಫೋಟಕ ದ್ರವ ಸುಮಾರು 13 ಡಿಗ್ರಿ ಸೆಲ್ಸಿಯಸ್ಸಿಗೇ ಹೆಪ್ಪುಗಟ್ಟುತ್ತದೆ. ಕೆ-2ರ ಹಿಮದಲ್ಲಿ ಅದು ದ್ರವವಾಗಿ ಉಳಿಯುವ ಮಾತೇ ಇಲ್ಲ. ಎಂಟು ಸಾವಿರ ಮೀಟರಿನ ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಒಂದಂಶದಷ್ಟು. ಅಂತಹ ಎತ್ತರದಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಾದ ಮನುಷ್ಯರು ಇಲ್ಲಿ ಓಡುತ್ತಾರೆ, ಜಗಳವಾಡುತ್ತಾರೆ, ಕಂದರವನ್ನು ಹಾರಿ ಎದುರಿನ ಗೋಡೆಗೆ ಹಿಮಗೊಡಲಿ ಕಚ್ಚಿಸಿ ನೇತಾಡುತ್ತಾರೆ.

ಎರಡು ಸೆಕೆಂಡು ಕೆಳಗೆ ಬಿದ್ದ ಮನುಷ್ಯ ಸುಮಾರು ಇಪ್ಪತ್ತು ಮೀಟರ್, ಅಂದರೆ ಡೊಂಬಿವಲಿಯ ಆರಂತಸ್ತಿನ ಕಟ್ಟಡದಷ್ಟು, ಇಳಿದಿರುತ್ತಾನೆ. ಅವನ ವೇಗ ಗಂಟೆಗೆ ಎಪ್ಪತ್ತು ಕಿಲೋಮೀಟರ್ ಮುಟ್ಟಿರುತ್ತದೆ. ಆ ವೇಗದಲ್ಲಿ ಬರುವ ದೇಹವನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿದರೆ ಹಿಡಿದವನ ಭುಜ ಕಳಚುತ್ತದೆ, ಬಿದ್ದವನೂ ಉಳಿಯುವುದಿಲ್ಲ. ಆರೋಹಿಗಳ ಹಗ್ಗ ಹಿಗ್ಗುವಂತೆ ಹೊಸೆದಿರುವುದು ಈ ಹೊಡೆತವನ್ನು ಮೆಲ್ಲಗೆ ನುಂಗಿಕೊಳ್ಳಲೆಂದೇ.

ಈ ಲೆಕ್ಕವನ್ನು ನನ್ನ ತಂಗಿಯ ಮಗನಿಗೆ ವಿವರಿಸಿದಾಗ ಅವನು ನಕ್ಕು, "ಮಾವ, ಯಕ್ಷಗಾನದಲ್ಲಿ ಹನುಮಂತ ಇಡೀ ಪರ್ವತವನ್ನೇ ಎತ್ತಿ ತರುವಾಗ ನೀವು ಲೆಕ್ಕ ಕೇಳುವುದಿಲ್ಲವಲ್ಲ?" ಎಂದ.

ಪ್ರಶ್ನೆ ಹಗುರವಾದುದಲ್ಲ. ಮಳೆಗಾಲದಲ್ಲಿ ಊರಿನಿಂದ ಮೇಳಗಳು ಮುಂಬಯಿಗೆ ಬಂದಾಗ ನಾವು ಸಭಾಗೃಹಗಳಲ್ಲಿ ಕಿಕ್ಕಿರಿದು ಕುಳಿತು ನೋಡುವ ಹನುಮಂತ ರಂಗಸ್ಥಳದಲ್ಲಿ ಎರಡು ಸುತ್ತು ಬಂದು ಹಿಮಾಲಯ ತಲಪುತ್ತಾನೆ. ನಮಗೆ ಅನುಮಾನ ಬರುವುದಿಲ್ಲ. ಏಕೆಂದರೆ ಭಾಗವತರ ಪದ, ಚೆಂಡೆಯ ಪೆಟ್ಟು, ಮುಖದ ಬಣ್ಣ ಎಲ್ಲವೂ ಇದು ಬೇರೊಂದು ಲೋಕವೆಂದು ಮೊದಲೇ ಸಾರಿಬಿಟ್ಟಿರುತ್ತವೆ. ಆಟ ಮುಗಿಸಿ ಮನೆಗೆ ಹೋದ ಯಾವ ಹುಡುಗನೂ ಬೆಟ್ಟ ಕೀಳಲು ಹೊರಡುವುದಿಲ್ಲ. ಸಾಹಸಚಿತ್ರ ಮಾತ್ರ ನಿಜವಾದ ಶಿಖರದ ಹೆಸರನ್ನೂ ನಿಜವಾದ ಹಗ್ಗವನ್ನೂ ನಿಜವಾದ ಹಿಮವನ್ನೂ ತೋರಿಸಿ, ಇದು ನಮ್ಮದೇ ಲೋಕವೆಂದು ನಂಬಿಸುತ್ತದೆ. ಬಳಿಕ ಆ ಲೋಕದ ನಿಯಮಗಳನ್ನು ಕದಿಯುತ್ತದೆ. ಕದಿಯುವ ವಸ್ತುಗಳು ಮೂರು: ದೇಹದ ಭಾರ, ಏರಲು ಬೇಕಾದ ಹೊತ್ತು ಮತ್ತು ಹಗ್ಗದ ಇನ್ನೊಂದು ತುದಿಯನ್ನು ಹಿಡಿದವರ ಕೈ. ನನ್ನ ಆಕ್ಷೇಪ ಮುಖ್ಯವಾಗಿ ಮೂರನೆಯದರ ಬಗೆಗೆ.

ಮಲಂಗಗಡವನ್ನೇ ನೋಡಿ. 1780ರಲ್ಲಿ ಕ್ಯಾಪ್ಟನ್ ಅಬಿಂಗ್ಟನ್ ನೇತೃತ್ವದ ಇಂಗ್ಲಿಷ್ ಪಡೆ ಹಠಾತ್ ದಾಳಿ ನಡೆಸಿ ಕೆಳಗಿನ ಬೆಟ್ಟವನ್ನು ವಶಪಡಿಸಿಕೊಂಡಿತು. ಕಾವಲಿನವರು ಮೇಲಿನ ಕೋಟೆಗೆ ಏರಿಬಿಟ್ಟರು. ಕಡಿದಾದ ಆ ಬಂಡೆಯ ಮುಂದೆ ಬಂದೂಕುಳ್ಳ ಸೈನ್ಯ ಕೈಕಟ್ಟಿ ನಿಲ್ಲಬೇಕಾಯಿತು. ಅದೇ ಮೇಲಿನ ಕೋಟೆಯ ದಾರಿಯಲ್ಲಿ ಮೆಟ್ಟಿಲು ಮುರಿದಿರುವ ಒಂದು ಜಾಗವಿದೆ. ಅಲ್ಲಿ ಕಬ್ಬಿಣದ ಕೊಳವೆಯೊಂದರ ಮೇಲೆ ದಾಟಬೇಕು. 'ಕ್ಲಿಫ್‌ಹ್ಯಾಂಗರ್' ನೋಡಿದ ಕೆಲವು ವರ್ಷಗಳ ಮೇಲೆ ಗೆಳೆಯರೊಡನೆ ನಾನು ಅಲ್ಲಿಗೆ ಹೋಗಿದ್ದೆ. ತೆರೆಯ ಮೇಲೆ ಮೂರು ಸೆಕೆಂಡಿನಲ್ಲಿ ಮುಗಿಯಬಹುದಾದ ಆ ಕೆಲವೇ ಅಡಿಗಳನ್ನು ದಾಟಲು ನಮ್ಮ ತಂಡಕ್ಕೆ ಅರ್ಧ ಗಂಟೆಗೂ ಮಿಕ್ಕಿ ಹಿಡಿಯಿತು. ನನ್ನ ಕಾಲು ಹೊಲಿಗೆಯಂತ್ರದ ಸೂಜಿಯಂತೆ ನಡುಗುತ್ತಿತ್ತು. ಆಚೆ ಬದಿಯಲ್ಲಿ ಹಗ್ಗ ಹಿಡಿದು ಕುಳಿತಿದ್ದವನು ಅಂದು ಬೆಳಗ್ಗೆಯಷ್ಟೇ ಪರಿಚಯವಾದ ಒಬ್ಬ ಮರಾಠಿ ತರುಣ. ಅವನು ಒಂದು ಕ್ಷಣವೂ ನನ್ನಿಂದ ಕಣ್ಣು ತೆಗೆಯಲಿಲ್ಲ. ಅಂತಹವನಿಗೆ ತೆರೆಯ ಮೇಲೆ ಪಾತ್ರವೇ ಇಲ್ಲ. ಇದ್ದರೂ ಎರಡನೆಯ ರೀಲಿನಲ್ಲಿ ಸಾಯುವುದಕ್ಕಷ್ಟೇ.

ಒಬ್ಬನೇ ವೀರ ಬಂದು ಎಲ್ಲರನ್ನೂ ಉಳಿಸುತ್ತಾನೆ ಎಂಬ ಕತೆ ಸಿನಿಮಾಕ್ಕೆ ಮಾತ್ರ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. 2023ರ ಜುಲೈ 19ರ ರಾತ್ರಿ, ನವಿಮುಂಬಯಿಗೆ ದೂರವಲ್ಲದ ಖಾಲಾಪುರ ತಾಲೂಕಿನಲ್ಲಿ, ಇರ್ಶಾಳಗಡದ ಮಗ್ಗುಲು ಕುಸಿದು ಇರ್ಶಾಳವಾಡಿಯೆಂಬ ಆದಿವಾಸಿ ಊರಿನ ಮೇಲೆ ಬಿತ್ತು. ಅಲ್ಲಿಗೆ ವಾಹನ ಹೋಗುವ ರಸ್ತೆಯಿರಲಿಲ್ಲ. ಮಣ್ಣೆತ್ತುವ ದೊಡ್ಡ ಯಂತ್ರಗಳನ್ನು ಒಯ್ಯಲಾಗಲಿಲ್ಲ. ಮಳೆ ಮೋಡಗಳಿಂದಾಗಿ ಹೆಲಿಕಾಪ್ಟರು ಹಾರಲಿಲ್ಲ. ವಿಪತ್ತು ನಿರ್ವಹಣಾ ಪಡೆಯವರೂ ಚಾರಣಿಗರೂ ಸುತ್ತಲಿನ ಹಳ್ಳಿಗರೂ ಕೆಸರಿನಲ್ಲಿ ನಡೆದೇ ಏರಿದರು, ಗುದ್ದಲಿ ಸಲಿಕೆಗಳಿಂದ ಅಗೆದರು. ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಆ ಏರಿನಲ್ಲಿಯೇ ಹೃದಯಾಘಾತವಾಗಿ ಅಸುನೀಗಿದರು. ನಾಲ್ಕನೆಯ ದಿನ ಹುಡುಕಾಟ ನಿಂತಾಗ ದೊರೆತಿದ್ದ ಶವಗಳು 27. ಕಾಣೆಯಾದವರು 57 ಮಂದಿ. ಗುಡ್ಡ ಕುಸಿಯಬಹುದಾದ ಊರುಗಳ ಪಟ್ಟಿಯಲ್ಲಿ ಆ ಊರಿನ ಹೆಸರೇ ಇರಲಿಲ್ಲವೆಂದು ಸರಕಾರ ಹೇಳಿತು.

ಬೆಟ್ಟ ಏರುವುದೆಂದರೆ ಏನೆಂದು ಆ ಅಧಿಕಾರಿಯ ಮರಣ ಹೇಳುವಷ್ಟು ಯಾವ ಚಿತ್ರವೂ ಹೇಳಿಲ್ಲ. ಕೊನೆಯ ಗಳಿಗೆಯ ವೀರನನ್ನು ನೋಡಿ ನೋಡಿ ಅಭ್ಯಾಸವಾದ ಸಮಾಜ ರಸ್ತೆಯನ್ನು, ಪಟ್ಟಿಯನ್ನು, ಮುನ್ನೆಚ್ಚರಿಕೆಯನ್ನು ಕೇಳಲು ಮರೆಯುತ್ತದೆ. ನನ್ನ ಅಂಜಿಕೆ ಇದು.

ಇದು ಪರದೇಶದ ಚಿತ್ರಗಳ ಪಾಪವೆಂದು ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಮ್ಮದೇ ಕನ್ನಡದ 'ಮಾಸ್ತಿ ಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮುಳುಗಿ ಸತ್ತರು. ಅಲ್ಲಿ ಬೆಟ್ಟವಿರಲಿಲ್ಲ, ನೀರಿತ್ತು. ಆದರೆ ದೇಹಕ್ಕೆ ಭಾರವಿದೆಯೆಂಬ ಸತ್ಯ ಒಂದೇ. ಪ್ರೇಕ್ಷಕನಿಗೆ ಸುಳ್ಳನ್ನು ನಿಜವೆಂದು ತೋರಿಸುವ ಹಟದಲ್ಲಿ ನಿಜವಾದ ಜೀವಗಳು ಹೋಗುತ್ತವೆ.

ಹಾಗೆಂದು ಇಂತಹ ಚಿತ್ರಗಳನ್ನು ನಿಷೇಧಿಸಿರೆಂದು ನಾನು ಹೇಳಲಾರೆ. ಅವುಗಳನ್ನು ನಾನೇ ಇನ್ನೂ ನೋಡುತ್ತೇನೆ. ನೋಡಿದ ಮೇಲೆ ಮಕ್ಕಳೊಡನೆ ಕುಳಿತು ಈ ಲೆಕ್ಕಗಳನ್ನು ಮಾಡೋಣ ಎಂಬುದಷ್ಟೇ ನನ್ನ ಬಿನ್ನಹ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಏರ್ಪಡಿಸುವ ವಿಹಾರವನ್ನು ಯಾವುದಾದರೊಂದು ಗಡಕ್ಕೆ ಕೊಂಡೊಯ್ದು, ಬಲ್ಲವರಿಂದ ಹಗ್ಗ ಹಿಡಿಯುವುದನ್ನು, ಮಳೆ ಬಂದರೆ ಹಿಂದಿರುಗುವುದನ್ನು ಕಲಿಸಿದರೆ ಅದೂ ಒಂದು ಸಂಸ್ಕೃತಿಯ ಕೆಲಸವೇ.

ತಂಗಿಯ ಮಗ ಬರುವ ಶನಿವಾರ ಗೆಳೆಯರೊಡನೆ ಮಾಹುಲಿಗೆ ಹೊರಟಿದ್ದಾನೆ. ಬೇಡವೆಂದು ನಾನು ಹೇಳಲಿಲ್ಲ. ಹಗ್ಗ ಯಾರು ಹಿಡಿಯುತ್ತಾರೆ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಒಂದು ಹೆಸರು ಹೇಳಿದ. ನನಗೆ ಅಷ್ಟು ಸಾಕಾಯಿತು.