ನೀಲಿ ಹೂವಿನ ಕಳೆ: ಗುರುತು ಹಿಡಿಯದೆ ಔಷಧಿ ಕೊಳ್ಳಬೇಡಿ

ಮುಂಗಾರಿನಲ್ಲಿ ಎರಡು ಹದ ಮಳೆ ಬಿದ್ದಿತೆಂದರೆ ಅಂಗಳದ ಹುಲ್ಲು, ಹೊಲದ ಬದು, ಅಡಿಕೆ ತೋಟದ ನೆರಳು, ಎಲ್ಲೆಡೆ ಪುಟ್ಟ ನೀಲಿ ಹೂವಿನ ಕಳೆ ಕಾಣಿಸಿಕೊಳ್ಳುತ್ತದೆ. "ನೀಲಿ ಹೂವಿನ ಕಳೆಗೆ ಏನಾದರೂ ಕೊಡಿ" ಎಂದು ಅಂಗಡಿಯಲ್ಲಿ ಕೇಳುವ ರೈತ ಬಾಂಧವರೇ ಹೆಚ್ಚು. ಹಾಗೆ ಕೊಂಡ ಔಷಧಿಗೆ ಹಾಕಿದ ಹಣ ಬಹುಪಾಲು ನಷ್ಟವೆಂಬುದು ನನ್ನ ಅಭಿಪ್ರಾಯ. ನೀಲಿ ಹೂ ಬಿಡುವ ಕಳೆ ಒಂದೇ ಅಲ್ಲ.

ಬೆಳಿಗ್ಗೆಯೇ ಹೋಗಿ ನೋಡಿ, ಮಧ್ಯಾಹ್ನದ ಹೊತ್ತಿಗೆ ಹೂ ಮುದುಡಿರುತ್ತದೆ. ಎರಡು ದೊಡ್ಡ ನೀಲಿ ದಳ, ಕೆಳಗೆ ಒಂದು ಸಣ್ಣ ಮಾಸಲು ದಳ ಇದ್ದರೆ ಅದು ಕನ್ನೆ ಸೊಪ್ಪಿನ ಜಾತಿ. ಇದರ ಶಾಸ್ತ್ರೀಯ ಹೆಸರು ಕಾಮೆಲಿನಾ. ಕಾಮೆಲಿನ್ ಮನೆತನದ ಇಬ್ಬರು ಸಸ್ಯಶಾಸ್ತ್ರದಲ್ಲಿ ಹೆಸರು ಮಾಡಿದರು, ಮೂರನೆಯವರು ಏನೂ ಸಾಧಿಸುವ ಮೊದಲೇ ತೀರಿಕೊಂಡರು. ಆ ಮೂರು ದಳಗಳನ್ನು ಕಂಡು ಲಿನೇಯಸ್ ಈ ಹೆಸರಿಟ್ಟನಂತೆ! ಹೂ ದುಂಡಗೆ ತಟ್ಟೆಯಂತಿದ್ದು, ಕಾಂಡ ಸಣ್ಣಗೆ ರೋಮದಿಂದ ಕೂಡಿ ಒಣನೆಲದಲ್ಲಿ ಹರಡಿದ್ದರೆ ಅದು ವಿಷ್ಣುಕ್ರಾಂತಿ. ಅದರ ಗೊಡವೆಗೆ ಹೋಗಬೇಡಿ, ಬೆಳೆಗೆ ಅದರಿಂದ ಅಂಥ ಹಾನಿಯಿಲ್ಲ.

ಕನ್ನೆ ಸೊಪ್ಪಿನಲ್ಲೂ ಎರಡು ಬಗೆ ನಮ್ಮಲ್ಲಿ ಸಾಮಾನ್ಯ. ಕಿರಿದಾದ ಎಲೆ, ಹೂವನ್ನು ಹೊದ್ದ ಹಸಿರು ಒರೆ ಮಡಚಿದ ಎಲೆಯಂತೆ ಬಿಚ್ಚಿಕೊಂಡಿದ್ದರೆ ಒಂದು. ಅಗಲ ಎಲೆ, ಎಲೆಬುಡದ ಒರೆಯ ಬಾಯಲ್ಲಿ ಕೆಂಪು ರೋಮ, ಹೂವಿನ ಒರೆ ಆಲಿಕೆಯಂತೆ ಕೂಡಿಕೊಂಡಿದ್ದರೆ ಇನ್ನೊಂದು, ಅದೇ ಬೆಂಗಾಲೆನ್ಸಿಸ್. ಅನುಮಾನವಿದ್ದರೆ ಬೇರುಸಹಿತ ಅಗೆದು ಮಣ್ಣು ಉದುರಿಸಿ. ಎಲೆಯಿಲ್ಲದ ಬಿಳಿ ಕಾಂಡಗಳು ಮಣ್ಣಿನೊಳಗೆ ಹರಿದು, ಅವುಗಳಲ್ಲಿ ಅರಳದ ಹೂಗಳು ಅಲ್ಲೇ ಕಾಯಿ ಕಟ್ಟಿರುತ್ತವೆ. ಮೇಲಿನ ಕಾಯಿಯಲ್ಲಿ 5 ಬೀಜ, ನೆಲದಡಿಯದರಲ್ಲಿ 3.

ಮೇಲೆ ಹೂ ಬಿಡುವ ಮೊದಲೇ ಕಿತ್ತೆವು ಎಂದು ನೆಮ್ಮದಿಯಿಂದಿರುವವರು ಈ ನೆಲದಡಿಯ ಬೀಜವನ್ನು ಮರೆಯುತ್ತಾರೆ. ಹಸಿ ನೆಲದಲ್ಲಿ ಎಡೆಕುಂಟೆ ಹೊಡೆದರೆ ತುಂಡಾದ ಗಿಣ್ಣುಗಳೆಲ್ಲ ಬೇರು ಬಿಟ್ಟು ಒಂದು ಗಿಡ ಹತ್ತಾಗುತ್ತದೆ. ಇನ್ನು ಕಳೆನಾಶಕದ ಮಾತು. ಎಲೆ ಅಗಲವಾದರೂ ಇದು ದ್ವಿದಳ ಸಸ್ಯವಲ್ಲ, ಏಕದಳ. ಬಲಿತ ಗಿಡ ಗ್ಲೈಫೋಸೇಟ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ತೋಟಕ್ಕೆ ಮತ್ತೆ ಮತ್ತೆ ಅದೊಂದನ್ನೇ ಸಿಂಪಡಿಸಿದರೆ ಉಳಿದ ಕಳೆಗಳು ಸತ್ತು, ತೆರವಾದ ಜಾಗವೆಲ್ಲ ಇದರ ಪಾಲಾಗುತ್ತದೆ. ಬಾಳೆಯಿರುವ ಕಡೆ ಇನ್ನೂ ಎಚ್ಚರ ಬೇಕು, ಸೌತೆ ಮೊಸಾಯಿಕ್ ನಂಜುರೋಗಕ್ಕೆ ಈ ಕಳೆ ಆಸರೆ.

ಎಳೆಯದಿರುವಾಗ, ಬಿಸಿಲು ಕಾಯುವ ದಿನ ನೋಡಿ, ಬೇರುಸಹಿತ ಕೈಯಿಂದ ಕಿತ್ತುಬಿಡಿ. ಕಿತ್ತದ್ದನ್ನು ಸಾಲಿನಲ್ಲಿ ಬಿಡದೆ ಹೊರಗೆ ಸಾಗಿಸಿ, ದನಗಳು ಇಷ್ಟಪಟ್ಟು ತಿನ್ನುತ್ತವೆ. ಬೆರಕೆ ಸೊಪ್ಪಿನ ಸಾರಿಗೆ ಇದನ್ನು ಬಳಸುವ ಮನೆಗಳೂ ಇವೆ. ಔಷಧಿ ಹೊಡೆದ ಜಾಗದ ಸೊಪ್ಪನ್ನು ಮಾತ್ರ ದನಕ್ಕೂ ಹಾಕಬೇಡಿ, ಮನೆಗೂ ತರಬೇಡಿ.