ಇ-ಸಿಮ್ಮಿಗೆ ಅವಸರ ಬ್ಯಾಡ ಕಣ್ರಮ್ಮ

ಬೆಂಗಳೂರಿಂದ ಬರೋ ಮಕ್ಕಳದೆಲ್ಲ ಈಗ ಒಂದೇ ಮಾತು, "ಅಮ್ಮ, ಇ-ಸಿಮ್ ಮಾಡ್ಸು" ಅಂತ. ಅಂದ್ರೆ ಉಗುರಿನಷ್ಟು ಕಾರ್ಡು ಇರಲ್ಲ, ಫೋನಿನ ಒಳಗೇ ಕೂತಿರೋ ಚಿಪ್ಪಿಗೆ ನಮ್ಮ ನಂಬರನ್ನ ನೆಟ್ಟಲ್ಲಿ ಇಳಿಸ್ತಾರೆ. ನಂಬರು ಹಳೇದೇ ಇರ್ತದೆ. ಫೋನು ಕದ್ದೋನು ಕಾರ್ಡು ಕಿತ್ತು ಬಿಸಾಕಕ್ಕೆ ಆಗಲ್ಲ. ಒಳ್ಳೇದೇ.

ಆದ್ರೂ ನಮ್ಮಂಥ ಮನೆಗೆ ಕಾರ್ಡೇ ವಾಸಿ ಅಂತೀನಿ ನಾನು. ಫೋನು ನೀರಿನ ತೊಟ್ಟಿಗೆ ಬಿತ್ತು ಅನ್ಕಳಿ. ಕಾರ್ಡು ಒರೆಸಿ ಅತ್ತೆಯ ಬಟನ್ ಫೋನಿಗೆ ಹಾಕಿದ್ರೆ ಮುಗೀತು. ಕೊಬ್ಬರಿ ದುಡ್ಡು ಬಿದ್ದ ಮೆಸೇಜು, ಗ್ಯಾಸಿನ ಓಟಿಪಿ ಎಲ್ಲ ಅಲ್ಲೇ ಬತ್ತವೆ. ಇ-ಸಿಮ್ ಆದ್ರೆ ಅದನ್ನ ಹಿಡಿಯೋ ಇನ್ನೊಂದು ಫೋನೇ ಬೇಕು, ನೆಟ್ಟೂ ಬೇಕು. ಕಿಬ್ಬನಹಳ್ಳಿ ತ್ವಾಟದ ಮನೇಲಿ ಎಲ್ಲಿಂದ ತರಾನ? ತಿಪಟೂರಿಗೆ ಹೋಗಿ ಸರಿ ಮಾಡ್ಸಿಕಂಡು ಬರೋ ತನಕ ನಂಬರು ಸತ್ತಂಗೇ.

ಮಾಡ್ಸಲೇಬೇಕು ಅಂದ್ರೆ ಕಂಪನಿ ಅಂಗಡಿಗೇ ಹೋಗಿ. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಮೆಸೇಜು ಬರಲ್ಲ, ಅದ್ಕೆ ಬ್ಯಾಂಕಿನ ಕೆಲಸ ಇರೋ ದಿನ ಬ್ಯಾಡ.

"ನಾವೇ ಇ-ಸಿಮ್ ಮಾಡ್ಕೊಡ್ತೀವಿ, ಲಿಂಕ್ ಒತ್ತಿ" ಅಂತ ಯಾರಾದ್ರೂ ಫೋನು ಮಾಡಿದ್ರೆ ಇಟ್ಬಿಡಿ. ಅವ್ರು ಹೇಳಿದಂಗೆ ಮಾಡಿದ್ರೆ ನಮ್ಮ ನಂಬರು ಅವರ ಫೋನಿಗೆ ಹೋಗ್ತದೆ, ನಮ್ಮ ಓಟಿಪಿ ಅವರಿಗೆ ಬತ್ತದೆ, ಬ್ಯಾಂಕಲ್ಲಿರೋ ದುಡ್ಡೂ ಹೋಯ್ತದೆ. ಅಂಥ ಫೋನು ಬಂದ ಮೇಲೆ ಸಿಗ್ನಲ್ ನಿಂತ್ರೆ ತಡ ಮಾಡಬ್ಯಾಡಿ, ಪಕ್ಕದ ಮನೆ ಫೋನಿಂದ ಬ್ಯಾಂಕಿಗೂ 1930ಕ್ಕೂ ಹೇಳಿ.

ಒಬ್ಬರೇ ಇರೋ ವಯಸ್ಸಾದೋರಿಗೆ ಇದನ್ನ ಓದಿ ಹೇಳಿ.